ಏಳೂವರೆ ಕುದುರೆಗಳ ರೇಸು

ನನ್ನ ಬೈಕು ಗಂಟೆಗೆ ಎಷ್ಟು ಕಿಲೋಮೀಟರು ಓಡಬಲ್ಲದು ಎಂಬುದು ಕಳೆದ ವರ್ಷದವರೆಗೂ ನನಗೆ ಗೊತ್ತಿರಲಿಲ್ಲ. ಲೀಟರಿಗೆ ಎಷ್ಟು ಓಡುತ್ತದೆ ಎಂಬುದನ್ನು ಮಾತ್ರ ಗಾಢ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹದಿನೇಳು ವರ್ಷ ಜೊತೆಗೆ ಬಾಳಿದ ಬೈಕಿನ ಬಗ್ಗೆ ಇಷ್ಟು ಅಜ್ಞಾನ ಇರಬಾರದು, ನಿಜ. ಆದರೆ ಇದು ನನ್ನೊಬ್ಬನ ಕತೆಯಲ್ಲ. ಹೈದರಾಬಾದಿನ ಉಪ್ಪಲ್ ಕಡೆಯ ನಮ್ಮ ಸರ್ಕಾರಿ ಕಾರ್ಖಾನೆಯ ಗೇಟಿನ ಪಕ್ಕದ ಶೆಡ್ಡಿಗೆ ಬಂದು, ಅಲ್ಲಿ ಸಾಲಾಗಿ ನಿಂತ ನೂರು ಸಿಸಿ ಬೈಕುಗಳ ಒಡೆಯರನ್ನು ಕೇಳಿ ನೋಡಿ. ಸ್ಪೀಡೋಮೀಟರಿನ ಮುಳ್ಳು ಐವತ್ತರ ಆಚೆ ಹೋದದ್ದನ್ನು ಅವರಲ್ಲಿ ಒಬ್ಬರೂ ಕಂಡಿಲ್ಲ. ಆಚೆ ಬರೆದ ಅಂಕಿಗಳು ಬರೀ ಅಲಂಕಾರಕ್ಕೆ ಎಂದು ತಿಳಿದಿದ್ದಾರೆ.

ನಮ್ಮ ಶೆಡ್ಡಿನಲ್ಲಿ ಇಬ್ಬರು ಭೇಟಿಯಾದರೆ ಹೆಂಡತಿ ಮಕ್ಕಳ ಕ್ಷೇಮಕ್ಕಿಂತ ಮೊದಲು ವಿಚಾರಿಸುವುದು ಬೈಕಿನ ಎವರೇಜು. ಉತ್ತರವಾಗಿ ಹೇಳುವ ಅಂಕಿಯಲ್ಲಿ ಸುಳ್ಳಿನ ಪಾಲು ಇದ್ದೇ ಇರುತ್ತದೆ. ಕೇಳಿದವನೂ ತನ್ನದಕ್ಕೆ ಅಷ್ಟೇ ಸುಳ್ಳು ಸೇರಿಸಿ ಹೇಳುವುದರಿಂದ ಯಾರಿಗೂ ನಷ್ಟವಿಲ್ಲ. ಈ ಎವರೇಜಿಗಾಗಿ ನಾವು ಮಾಡುವ ಸಾಧನೆ ಸಾಮಾನ್ಯವಲ್ಲ. ಫ್ಲೈಓವರಿನ ನೆತ್ತಿ ಮುಟ್ಟಿದ ಕೂಡಲೇ ಎಂಜಿನ್ ಆರಿಸಿ ನಿಶ್ಶಬ್ದವಾಗಿ ಕೆಳಗಿಳಿಯುತ್ತೇವೆ. ಬ್ರೇಕು ಹಿಡಿದರೆ ಗಳಿಸಿದ ವೇಗವೆಲ್ಲ ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಇನ್ನು ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡರಂತೂ ಕೈ ತಾನಾಗಿ ಕೀಲಿಗೆ ಹೋಗುತ್ತದೆ. ಎಂಜಿನ್ ಆರಿಸಿ, ಕರವಸ್ತ್ರ ತೆಗೆದು, ಮುಖ ಒರೆಸಿಕೊಂಡು, ಪಕ್ಕದವನ ಟ್ಯಾಂಕಿನ ಮೇಲಿಟ್ಟ ತರಕಾರಿ ಯಾವುದೆಂದು ನೋಡುತ್ತೇವೆ.

ನನ್ನ ಬೈಕಿಗೆ ಏಳೂವರೆ ಕುದುರೆಗಳ ಶಕ್ತಿ ಇದೆ ಎಂದು ಅದರ ಜೊತೆ ಬಂದ ಪುಸ್ತಿಕೆ ಹೇಳುತ್ತದೆ. ಏಳೂವರೆ ಎಂದೊಡನೆ ನಮ್ಮ ರಾಯಚೂರು ಕಡೆಯವರಿಗೆ ನೆನಪಾಗುವವನು ಶನಿಮಹಾತ್ಮ. ಸಾಡೇಸಾತಿ ಎಂಬ ಹೆಸರು ಕೇಳಿಯೇ ಎಣ್ಣೆ ದೀಪಕ್ಕೆ ಹುಡುಕಾಡುವ ಜನ ನಾವು. ನಾನು ಮಾತ್ರ ಶನಿಯನ್ನು ಬಿಟ್ಟು ಅವನ ಅಪ್ಪನನ್ನು ನೆನೆದು ಸಮಾಧಾನ ಪಡುತ್ತೇನೆ. ಸೂರ್ಯನಾರಾಯಣನ ರಥಕ್ಕೆ ಇರುವ ಕುದುರೆಗಳು ಏಳೇ. ಅವನಿಗಿಂತ ನನ್ನಲ್ಲಿ ಅರ್ಧ ಕುದುರೆ ಹೆಚ್ಚಿದೆ. ಆ ಏಳರಲ್ಲೇ ಅವನು ಮೂರು ಲೋಕ ಬೆಳಗಿ ಬರುತ್ತಾನೆ, ನನಗೆ ಉಪ್ಪಲ್‌ನಿಂದ ಕೋಠಿಗೆ ಹೋಗಿ ಬರುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಅವನ ದಾರಿಯಲ್ಲಿ ಸಿಟಿ ಬಸ್ಸು ಅಡ್ಡ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನನ್ನ ಹೆಚ್ಚುವರಿ ಅರ್ಧ ಕುದುರೆ ಮುಂದಿನ ಅರ್ಧವೋ ಹಿಂದಿನ ಅರ್ಧವೋ ಎಂಬುದು ಆಯಾ ದಿನದ ಚಳಿಯನ್ನು ಅವಲಂಬಿಸಿದೆ.

ಇಂಥ ಬೈಕಿನವನಿಗೆ ರೇಸಿನ ಹುಚ್ಚು ಹತ್ತಿದ್ದು ಒಂದು ಗೃಹಪ್ರವೇಶದ ದಿನ. ಔಟರ್ ರಿಂಗ್ ರೋಡಿನ ಆಚೆ ನಮ್ಮ ನೆಂಟರೊಬ್ಬರ ಹೊಸ ಮನೆಯಲ್ಲಿ ಊಟ ಮುಗಿಸಿ ವಾಪಸ್ಸು ಬರುವಾಗ ಹೊಲಗಳ ನಡುವಿನಿಂದ ಭಾರೀ ಸದ್ದು ಕೇಳಿಸಿತು. ಹೋಗಿ ನೋಡಿದರೆ ಒಂದು ಪುಟ್ಟ ರೇಸ್ ಟ್ರ್ಯಾಕು. ಅಲ್ಲಿ ಯಾವುದೋ ಕ್ಲಬ್ಬಿನ ಹವ್ಯಾಸಿಗಳು ದೊಡ್ಡ ದೊಡ್ಡ ಬೈಕು ಓಡಿಸುತ್ತಿದ್ದರು. ನಾನೂ ಬೇಲಿ ಹಿಡಿದು ನಿಂತೆ. ಕಿವಿಯ ಪಕ್ಕ ಏನೋ ಸಿಡಿದ ಹಾಗಾಯಿತು, ಬಣ್ಣದ ಗೆರೆಯೊಂದು ಕಂಡಿತು, ಆಮೇಲೆ ಧೂಳು. ಯಾರು ಮುಂದೆ ಹೋದರು ಎಂದು ಪಕ್ಕದವರನ್ನು ಕೇಳಿದೆ. ಅದನ್ನೇ ನನ್ನನ್ನು ಕೇಳಬೇಕೆಂದು ಅವರು ಬಾಯಿ ತೆರೆದಿದ್ದರಂತೆ. ಆಟದ ನಡುವೆ ಅರ್ಧ ಜನ ಎದ್ದು ಕ್ಯಾಂಟೀನಿಗೆ ಹೋಗಿ ಚಹಾ ಕುಡಿಯುತ್ತಿದ್ದರು.

ಕ್ಲಬ್ಬಿನ ಸೆಕ್ರೆಟರಿ ವಂಶಿ ಎಂಬ ತೆಲುಗು ಹುಡುಗ. ಮಾದಾಪುರದ ಐಟಿ ಕಂಪನಿಯಲ್ಲಿ ಕೆಲಸ. ವಾರವೆಲ್ಲ ಮೆಟ್ರೋದಲ್ಲಿ ಸಾಧುವಿನಂತೆ ನಿಂತುಕೊಂಡು ಹೋಗಿ, ಭಾನುವಾರ ಚರ್ಮದ ಅಂಗಿ ತೊಟ್ಟು ಹುಲಿಯಾಗುವವನು. ನನ್ನಂಥವರ ಬೈಕಿಗೂ ಒಂದು ರೇಸು ಇಡಬಾರದೇ ಎಂದು ಕೇಳಿದೆ. ಅವನು ನನ್ನ ಬೈಕನ್ನು ಸುತ್ತು ಹಾಕಿ ನೋಡಿದ. ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಕಟ್ಟಿಸಿದ ಜಾಲರಿ ನೋಡಿದ, ಊಟದ ಡಬ್ಬಿ ತೂಗುಹಾಕುವ ಕೊಕ್ಕೆ ನೋಡಿದ. ನಗಲಿಲ್ಲ, ಅದು ಅವನ ದೊಡ್ಡತನ. "ಎಂಟು ಜನ ತನ್ನಿ ಅಂಕಲ್, ಒಂದು ಸಲ ಓಡಿಸಿ ನೋಡೋಣ. ಆದರೆ ಜನ ಕ್ಯಾಂಟೀನಿಗೆ ಎದ್ದು ಹೋದರೆ ಅಲ್ಲಿಗೆ ಮುಗೀತು," ಎಂದು ತೆಲುಗಿನಲ್ಲಿ ಹೇಳಿದ. ಜನ ಕೂತು ನೋಡಿದರೆ ಮುಂದಿನ ಸೀಸನ್ನಿಗೆ ನೂರು ಸಿಸಿಯವರದೇ ಒಂದು ಕ್ಲಾಸು, ಅಂದರೆ ಬೇರೆ ವಿಭಾಗ, ಮಾಡುವುದಾಗಿ ಮಾತು ಕೊಟ್ಟ.

ನನಗೆ ಅದು ಬೇಕಾಗಿತ್ತು. ಯಾಕೆ ಬೇಕಾಗಿತ್ತು ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಐವತ್ಮೂರು ವರ್ಷದ ಈ ಬಾಳಿನಲ್ಲಿ ಹಾಜರಿ ಹಾಕುವುದೊಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಗಡಿಯಾರ ಹಿಡಿದು ನನ್ನನ್ನು ಕಾದವರಿಲ್ಲ. ಒಂದು ಸಲವಾದರೂ ಯಾರಾದರೂ ಕಾಯಲಿ ಎನ್ನಿಸಿತು.

ಮನೆಗೆ ಬಂದು ಹೆಂಡತಿ ಶಾಂತಾಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆ ಕೇಳಿದಳು: "ರೇಸ್‌ನ್ಯಾಗ ಎವರೇಜ್ ಎಷ್ಟ್ ಬರತೈತ್ರಿ?"

"ರೇಸ್‌ನ್ಯಾಗ ಎವರೇಜ್ ನೋಡೂದಿಲ್ಲ," ಎಂದೆ.

"ಮತ್ತ ಏನ್ ನೋಡ್ತಾರ?"

"ಯಾರ ಮುಂದ ಹೋಗ್ತಾರ ನೋಡ್ತಾರ."

"ಡ್ಯೂಟಿಗೆ ಒಂದಿನಾನೂ ಟೈಮಿಗೆ ಮೊದ್ಲ ಹೋದಾವ್ರಲ್ಲ, ಯಾರ ಮುಂದ ಹೋಗಾವ್ರು ನೀವು?" ಎಂದು ಕೇಳಿ ಚಪಾತಿ ತಿರುವಿ ಹಾಕಿದಳು. ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಎಂದು ಹೆಸರು.

ಎಂಟು ಜನರನ್ನು ಹುಡುಕಲು ಹೊರಟ ಮೇಲೆ ಈ ಲೋಕದ ರಚನೆಯಲ್ಲಿರುವ ಒಂದು ದೋಷ ನನಗೆ ಕಂಡಿತು. ನೂರು ಸಿಸಿ ಬೈಕು ಇರುವವರಿಗೆ ರೇಸಿನ ಆಸೆ ಇಲ್ಲ. ರೇಸಿನ ಆಸೆ ಇರುವವರಲ್ಲಿ ನೂರು ಸಿಸಿ ಬೈಕು ಇಲ್ಲ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕರೆ ಕೊಟ್ಟೆ. ಉತ್ತರವಾಗಿ ರಾಶಿ ರಾಶಿ ಮುಗಿದ ಕೈಗಳೂ ಗುಲಾಬಿ ಹೂಗಳೂ ಬಂದವು. ಒಬ್ಬರು ಶ್ರದ್ಧಾಂಜಲಿಯನ್ನೇ ಹಾಕಿದ್ದರು. ಮೇಲಿನ ಯಾವುದೋ ಸಂದೇಶಕ್ಕೆ ಇರಬೇಕು ಎಂದು ಸುಮ್ಮನಾದೆ. ಸಂದರ್ಭಕ್ಕೆ ಅದೂ ಸರಿಹೊಂದುತ್ತಿತ್ತು ಎಂಬುದು ಬೇರೆ ಮಾತು.

ಕಡೆಗೆ ಕೈ ಹಿಡಿದವನು ಬಸಣ್ಣ. ಒಂದೇ ಸೆಕ್ಷನ್ನಿನಲ್ಲಿ ಇಪ್ಪತ್ತೈದು ವರ್ಷ ನನ್ನ ಎದುರು ಕೂತು ಊಟ ಮಾಡಿದವನು, ಕೊಪ್ಪಳದ ಕಡೆಯವನು. "ನೀ ಬಿದ್ರ ಎತ್ತಾಕ ಒಬ್ಬಾಂವ ಬೇಕಲ್ಲ ವೆಂಕಣ್ಣ, ಅದಕ್ಕ ಬರ್ತೀನಿ," ಎಂದ. ಶೆಡ್ಡಿನ ಇನ್ನೂ ನಾಲ್ವರು ಅವನ ಮುಖ ನೋಡಿ ಒಪ್ಪಿದರು. ನಾನು ಬಟ್ಟೆ ತರುವ ಕೋಠಿ ಅಂಗಡಿಯ ಮುಜೀಬ್ ಸಾಹೇಬರು ಮೊದಲು "ನಕ್ಕೋ ಮಿಯಾ, ನಕ್ಕೋ!" ಎಂದು ಕೈ ಆಡಿಸಿದವರು, ಮಾರನೆಯ ದಿನ ತಾವೇ ಫೋನು ಮಾಡಿ ಹೆಲ್ಮೆಟ್ಟಿನ ಒಳಗೆ ಟೋಪಿ ಹಾಕಿಕೊಳ್ಳಬಹುದೇ ಎಂದು ವಿಚಾರಿಸಿದರು. ಟ್ಯಾಂಕಿನ ಮೇಲೆ ಬಟ್ಟೆಯ ಥಾನು ಇಟ್ಟು ಓಡಿಸಿ ಅಭ್ಯಾಸವಾಗಿ, ಅವರು ಬರೀ ಬೈಕಿನ ಮೇಲೂ ಮೊಣಕಾಲು ಅಗಲಿಸಿಯೇ ಕೂರುತ್ತಾರೆ. ಎಂಟನೆಯವನಾಗಿ ವಂಶಿಯೇ ತನ್ನ ಚಿಕ್ಕಪ್ಪನನ್ನು ಒತ್ತಾಯದಿಂದ ಸೇರಿಸಿದ.

ರೇಸಿಗೆ ಮೊದಲು ಕನ್ನಡಿ, ಜಾಲರಿ, ಸ್ಟ್ಯಾಂಡು ಎಲ್ಲ ಬಿಚ್ಚಬೇಕು ಎಂದು ವಂಶಿ ಹೇಳಿದ್ದ. ಕನ್ನಡಿ, ಜಾಲರಿಗಳಿಗೆ ನಾವು ತಕರಾರು ಮಾಡಲಿಲ್ಲ. ಸ್ಟ್ಯಾಂಡು ಬಿಚ್ಚಲು ಯಾರೂ ಒಪ್ಪಲಿಲ್ಲ. ಸೋಮವಾರ ಅದೇ ಬೈಕಿನಲ್ಲಿ ಡ್ಯೂಟಿಗೆ ಹೋಗುವವರು ನಾವು. ಸ್ಟ್ಯಾಂಡಿಲ್ಲದ ಬೈಕನ್ನು ಸಂಜೆಯವರೆಗೆ ಹಿಡಿದುಕೊಂಡು ನಿಲ್ಲಲು ಕಾರ್ಖಾನೆಯಲ್ಲಿ ಹುದ್ದೆಯಿಲ್ಲ. ಬೇಡಿಕೊಂಡ ಮೇಲೆ, ಮೇಲಕ್ಕೆ ಮಡಿಚಿ ಬಿಗಿಯಾಗಿ ಕಟ್ಟಿದರೆ ಸಾಕು ಎಂದು ಅವನು ಇಳಿದು ಬಂದ. ಬಸಣ್ಣನ ಬೈಕಿನ ಸ್ಟ್ಯಾಂಡಿಗೆ ಸ್ಪ್ರಿಂಗ್ ಹೋಗಿ ವರ್ಷಗಳಾಗಿದ್ದವು. ಅವನು ಹಳೆಯ ಟ್ಯೂಬಿನ ಪಟ್ಟಿಯಿಂದ ಅದನ್ನು ಕಟ್ಟಿದ.

ಆ ಭಾನುವಾರ ದೊಡ್ಡ ಬೈಕಿನವರಿಂದ ಎರವಲು ತಂದ ಚರ್ಮದ ಅಂಗಿಗಳಲ್ಲಿ ಹೊಟ್ಟೆ ತುರುಕಿಕೊಂಡು ನಾವು ಗೆರೆಯ ಮೇಲೆ ಬಂದು ನಿಂತೆವು. ಬೇಲಿಯ ಆಚೆ ಶಾಂತಾ ಕೂತಿದ್ದಳು. ಅವಳ ಮುಖದಲ್ಲಿ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಕಳೆ ಇತ್ತು. ಕೆಂಪು ದೀಪ ಹತ್ತುತ್ತದೆ, ಅದು ಆರಿದ ಕೂಡಲೇ ಹೊರಡಬೇಕು ಎಂದು ವಂಶಿ ಬೆಳಗಿನಿಂದ ಪಾಠ ಮಾಡಿದ್ದ. ನಾವು ತಲೆಯಾಡಿಸಿದ್ದೆವು. ಎಂಟೂ ಎಂಜಿನ್‌ಗಳು ಗುರುಗುಟ್ಟುತ್ತಿದ್ದವು. ಕೆಂಪು ದೀಪ ಹತ್ತಿತು.

ಎಂಟು ಜನರೂ ಎಂಜಿನ್ ಆರಿಸಿದೆವು.

ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿದ್ದು. ಟ್ರ್ಯಾಕಿನ ಮೇಲೆ ಎಂಥ ಶಾಂತಿ ನೆಲೆಸಿತೆಂದರೆ ದೂರದಲ್ಲಿ ಎಮ್ಮೆ ಕೂಗಿದ್ದು ಕೇಳಿಸಿತು. ಮುಜೀಬ್ ಸಾಹೇಬರು ಹೆಲ್ಮೆಟ್ಟಿನ ಗಾಜು ಎತ್ತಿ ಮುಖ ಒರೆಸಿಕೊಂಡರು. ಕೆಂಪು ದೀಪ ಆರಿತು. ಹಸಿರು ಬರಲಿ ಎಂದು ನಾವು ಕಾದೆವು. ಹಸಿರು ಬರುವ ಏರ್ಪಾಡು ರೇಸಿನಲ್ಲಿ ಇಲ್ಲ ಎಂಬುದು ಹೊಳೆದೊಡನೆ ಹಿಂದಿನ ಸಾಲಿನ ನಾಲ್ವರೂ ಒಟ್ಟಿಗೆ ಹಾರ್ನು ಹೊಡೆದರು. ಮುಂದಿನವರು ಹೈದರಾಬಾದಿನ ವಾಡಿಕೆಯಂತೆ ತಿರುಗಿ ಕೈ ಬೀಸಿ ಅವರನ್ನು ಬೈದರು. ಆಮೇಲೆ ಎಂಟು ಬೈಕುಗಳಿಗೂ ಕಿಕ್ ಹೊಡೆಯುವ ಸದ್ದು. ಕ್ಯಾಂಟೀನಿಗೆ ಹೋಗಲು ಎದ್ದಿದ್ದ ಜನ ನಿಂತಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ವಂಶಿ ಹಣೆಗೆ ಕೈ ಹಚ್ಚಿಕೊಂಡಿದ್ದ. ನಮ್ಮ ಕ್ಲಾಸು ಹುಟ್ಟುವ ಮೊದಲೇ ಸತ್ತಿತು ಎಂದುಕೊಂಡೆ.

ಆದರೂ ಓಡಿದೆವು. ಆರು ಸುತ್ತಿನ ಓಟ. ಹಗುರ ಮೈಯ ಬಸಣ್ಣ ಮುಂದೆ, ನಾನು ಅವನ ಹಿಂದೆ, ಉಳಿದವರು ನಮ್ಮ ಹಿಂದೆ ಮದುವೆ ದಿಬ್ಬಣದ ಹಾಗೆ ಬಿಡಿಬಿಡಿಯಾಗಿ. ಕೊನೆಯ ಸುತ್ತು ಶುರುವಾದಾಗ ಬೇಲಿಯ ಬಳಿಯ ಜನರೆಲ್ಲ ಇದ್ದಕ್ಕಿದ್ದಂತೆ ಎದ್ದು ನಿಂತು ಕಿರುಚತೊಡಗಿದರು. ಹೆಂಗಸರು, ಗಂಡಸರು, ದೊಡ್ಡ ಬೈಕಿನ ಹುಲಿಗಳು, ಎಲ್ಲರೂ ಎಡಗಾಲನ್ನು ಎತ್ತಿ ಎತ್ತಿ ತೋರಿಸುತ್ತಿದ್ದರು. ಬಸಣ್ಣ ತನಗೆ ಜಯಕಾರ ಹಾಕುತ್ತಿದ್ದಾರೆಂದು ತಿಳಿದು ಒಂದು ಕೈ ಎತ್ತಿ ನಮಸ್ಕರಿಸಿದ. ಅವನ ಟ್ಯೂಬಿನ ಪಟ್ಟಿ ಹರಿದು ಸ್ಟ್ಯಾಂಡು ಕೆಳಗೆ ಜೋತು ಬಿದ್ದಿತ್ತು.

ಈ ಊರಿನಲ್ಲಿ ದಾರಿ ಬಿಡದವರಿದ್ದಾರೆ. ಇಂಡಿಕೇಟರ್ ಹಾಕಿದರೆ ಮಾನ ಹೋಗುತ್ತದೆಂದು ನಂಬಿದವರಿದ್ದಾರೆ. ಆದರೆ ಮುಂದಿನವನ ಸ್ಟ್ಯಾಂಡು ಕೆಳಗಿದ್ದುದನ್ನು ಕಂಡೂ ಹೇಳದೆ ಹೋಗುವವನು ಇಲ್ಲಿ ಇನ್ನೂ ಹುಟ್ಟಿಲ್ಲ. ಜಾತಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಎದುರು ದಿಕ್ಕಿಗೆ ಹೋಗುತ್ತಿದ್ದವನೂ ಗಾಡಿ ತಿರುಗಿಸಿ, ಬೆನ್ನಟ್ಟಿ ಬಂದು, ಕಾಲು ಚಾಚಿ ತೋರಿಸಿ, ಥ್ಯಾಂಕ್ಸಿಗೂ ಕಾಯದೆ ಹೋಗುತ್ತಾನೆ. ದೊಡ್ಡ ಬೈಕಿನ ರೇಸಿನಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಬೈಕೇ ಕಣ್ಣಿಗೆ ಬೀಳುವುದಿಲ್ಲ, ಇನ್ನು ಸ್ಟ್ಯಾಂಡೆಲ್ಲಿಂದ ಬೀಳಬೇಕು? ನಮ್ಮ ವೇಗದಲ್ಲಿ ಸ್ಟ್ಯಾಂಡು ಕಾಣುತ್ತದೆ, ಹರಿದ ಪಟ್ಟಿ ಕಾಣುತ್ತದೆ, ಓಡಿಸುವವನ ಹಿಗ್ಗೂ ಕಾಣುತ್ತದೆ. ನೋಡುವವರು ಬರೀ ನೋಡಿ ಸುಮ್ಮನಿರಲಾರದೆ ಆಟದೊಳಗೆ ಬಂದುಬಿಡುತ್ತಾರೆ.

ಇದೆಲ್ಲ ಆಮೇಲೆ ಹೊಳೆದ ವಿಚಾರ. ಆಗ ನನಗೆ ಕಂಡದ್ದು ಮುಂದಿನ ಎಡ ತಿರುವೊಂದೇ. ಅಲ್ಲಿ ಬೈಕು ಎಡಕ್ಕೆ ವಾಲಿದರೆ ಸ್ಟ್ಯಾಂಡು ನೆಲಕ್ಕೆ ತಾಗಿ ಬಸಣ್ಣನನ್ನು ಎತ್ತಿ ಒಗೆಯುತ್ತದೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಎಕ್ಸಿಲರೇಟರನ್ನು ಪೂರ್ತಿ ತಿರುವಿದೆ. ಏಳೂವರೆ ಕುದುರೆಗಳೂ ಒಟ್ಟಿಗೆ ಎದ್ದವು. ಮುಳ್ಳು ಐವತ್ತು ದಾಟಿ ಅಲಂಕಾರದ ಅಂಕಿಗಳ ನಾಡಿಗೆ ಕಾಲಿಟ್ಟಿತು, ಎಪ್ಪತ್ತು ದಾಟಿತು, ಎಂಬತ್ತೈದು ಮುಟ್ಟಿತು. ಬಸಣ್ಣನ ಪಕ್ಕಕ್ಕೆ ಹೋಗಿ ಕಾಲು ಚಾಚಿ "ಸ್ಟ್ಯಾಂಡ್!" ಎಂದು ಕೂಗಿದೆ. ಅವನು ಬಗ್ಗಿ ನೋಡಿ, ಎಕ್ಸಿಲರೇಟರ್ ಬಿಟ್ಟು, ಹಿಮ್ಮಡಿಯಿಂದ ಸ್ಟ್ಯಾಂಡನ್ನು ಮೇಲೆತ್ತಿ ಹಿಡಿದುಕೊಂಡ.

ನಾನು ಮುಂದೆ ಹೋದೆ. ಗೆದ್ದೆ.

ನೀವೇ ಹೇಳಿ, ಇನ್ನೇನು ಮಾಡಬೇಕಿತ್ತು? ಅಷ್ಟು ಪೆಟ್ರೋಲು ಸುಟ್ಟು ಗಳಿಸಿದ ವೇಗವನ್ನು ಎವರೇಜಿನಲ್ಲಿ ಬಾಳಿದ ಮನುಷ್ಯ ಬ್ರೇಕು ಹಿಡಿದು ಹಾಳು ಮಾಡುತ್ತಾನೆಯೇ? ಉಪಕಾರವೂ ಲಾಭವೂ ಒಂದೇ ತಿರುವಿನಲ್ಲಿ ಸಿಗುವುದು ಅಪರೂಪ. ಸಿಕ್ಕಾಗ ಬೇಡವೆನ್ನುವ ಸಂತ ನಾನಲ್ಲ.

ಬಸಣ್ಣ ಸ್ಟ್ಯಾಂಡನ್ನು ಹಿಮ್ಮಡಿಯಲ್ಲಿ ಎತ್ತಿ ಹಿಡಿದೇ ಎರಡನೆಯವನಾಗಿ ಬಂದ. ಹೆಲ್ಮೆಟ್ ತೆಗೆದು ನನ್ನ ಎದುರು ನಿಂತ. "ಹೇಳಿದ್ದು ಭಾಳ ಉಪಕಾರ ಆತು ವೆಂಕಣ್ಣ. ಆದ್ರ ಹೇಳಿದಾಂವ ನನ್ನ ಹಿಂದ ನಿಂದ್ರಬೇಕಿತ್ತು," ಎಂದ. ಅಷ್ಟೇ. ಮಾರನೆಯ ದಿನದಿಂದ ಊಟಕ್ಕೆ ಬೇರೆ ಮೇಜಿನಲ್ಲಿ ಕೂತ.

ಇತ್ತ ವಂಶಿ ಖುಷಿಯಲ್ಲಿದ್ದ. ಕ್ಯಾಂಟೀನಿನಲ್ಲಿ ಚಹಾ ಮಾಡುವವನೇ ಸೌಟು ಹಿಡಿದು ಬೇಲಿಗೆ ಓಡಿಬಂದಿದ್ದನಂತೆ. "ಅಂಕಲ್, ಕ್ಲಾಸು ನಿಮ್ಮದೇ. ಮುಂದಿನ ತಿಂಗಳೂ ಎಂಟು ಬೈಕು ಗೆರೆಯ ಮೇಲೆ ನಿಂತರೆ ಸೀಸನ್ನಿಗೆ ಸೇರಿಸುತ್ತೇನೆ. ಏಳಾದರೆ ಇಲ್ಲ. ಸ್ಟ್ಯಾಂಡುಗಳನ್ನು ಮಾತ್ರ ಈ ಸಲ ಬಿಚ್ಚಲೇಬೇಕು," ಎಂದ. ರೇಸು ನೋಡಿದ ಎಷ್ಟೋ ಜನ ನಾವೂ ಸೇರುತ್ತೇವೆ ಎಂದು ಮುಂದೆ ಬಂದರು. ವಿಚಾರಿಸಿದರೆ ಅವರೆಲ್ಲರ ಬಳಿ ಇದ್ದದ್ದು ದೊಡ್ಡ ಬೈಕು. ಶೆಡ್ಡಿನಲ್ಲಿ ಕೇಳಿದೆ, ಬಳಗದಲ್ಲಿ ಕೇಳಿದೆ, ಕೋಠಿಯ ಗಲ್ಲಿಗಳಲ್ಲಿ ಮುಜೀಬ್ ಸಾಹೇಬರನ್ನು ಕಳಿಸಿ ಕೇಳಿಸಿದೆ. ಎಂಟನೆಯವನು ಬಸಣ್ಣನೇ ಆಗಬೇಕಿತ್ತು. ಅವನು ನನ್ನ ಕಡೆ ನೋಡುವುದನ್ನೂ ಬಿಟ್ಟಿದ್ದ.

ಊಟದ ಮೇಜಿನ ಎದುರು ಖಾಲಿ ಕುರ್ಚಿ ನೋಡಿಕೊಂಡು ರೊಟ್ಟಿ ಮುರಿಯುವುದು ಎಷ್ಟು ಕಷ್ಟ ಎಂದು ಆ ತಿಂಗಳು ತಿಳಿಯಿತು. ಗೆದ್ದದ್ದರ ರುಚಿ ಒಂದು ವಾರಕ್ಕೇ ಹೋಯಿತು. ಎರಡು ಸಲ ಅವನ ಮೇಜಿನವರೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವನು ಮಜ್ಜಿಗೆ ಕಲಸುತ್ತಲೇ ಇದ್ದ. "ಬರೇ ಬಾಯಿಲೆ ಹೇಳಿದ್ರ ಏನ್ ಬಂತ್ರಿ?" ಎಂದು ಶಾಂತಾ ಎಣ್ಣೆಗಾಯಿ ಪಲ್ಯ ಮಾಡಿ ಅವನಿಗೆಂದೇ ಡಬ್ಬಿ ಕಟ್ಟಿಕೊಟ್ಟಳು. ಬಸಣ್ಣ ಅದನ್ನು ತಿಂದು, ಡಬ್ಬಿ ತೊಳೆದು, ನಾನಿಲ್ಲದ ಹೊತ್ತಿನಲ್ಲಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದ.

ಆ ತಿಂಗಳ ರೇಸಿನ ಬೆಳಿಗ್ಗೆ ಗೆರೆಯ ಮೇಲೆ ಏಳು ಬೈಕುಗಳು ನಿಂತಿದ್ದವು. ವಂಶಿ ಮೊಬೈಲಿನಲ್ಲಿ ಗಂಟೆ ನೋಡಿ ನನ್ನ ಮುಖ ನೋಡಿದ. ಇನ್ನೈದು ನಿಮಿಷ ಎಂದು ಬೇಡಿಕೊಂಡೆ. ಅದೂ ಮುಗಿಯಿತು. ಮುಜೀಬ್ ಸಾಹೇಬರು ಕೈಗವಸು ಬಿಚ್ಚತೊಡಗಿದ್ದರು. ಆಗ ಗೇಟಿನ ಕಡೆಯಿಂದ ಎಂಜಿನ್ ಆರಿಸಿಕೊಂಡು, ಇಳಿಜಾರಿನಲ್ಲಿ ನಿಶ್ಶಬ್ದವಾಗಿ, ಒಂದು ಹನಿ ಪೆಟ್ರೋಲೂ ಹಾಳಾಗದಂತೆ ಬಸಣ್ಣ ಬಂದು ಗೆರೆಯ ಮೇಲೆ ನಿಂತ. ನನ್ನ ಕಡೆ ನೋಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹೆಲ್ಮೆಟ್ ಇದ್ದುದರಿಂದ ಮರ್ಯಾದೆ ಉಳಿಯಿತು.

ಈ ಸಲ ವಂಶಿ ಕೆಂಪು ದೀಪದ ಗೊಡವೆಗೆ ಹೋಗದೆ ಬಾವುಟ ಬೀಸಿದ. ಎಂಟು ಜನರೂ ಸರಿಯಾಗಿ ಹೊರಟೆವು. ಎಂಬತ್ತೈದರ ಗುಟ್ಟು ಗೊತ್ತಾಗಿದ್ದ ನಾನು ಮೊದಲಿನಿಂದಲೂ ಮುಂದಿದ್ದೆ. ಕೊನೆಯ ಸುತ್ತಿನ ನೇರ ದಾರಿಯಲ್ಲಿ ಗೆರೆ ಕಾಣುತ್ತಿತ್ತು, ಬೇಲಿಯ ಬಳಿ ಶಾಂತಾ ಎದ್ದು ನಿಂತದ್ದೂ ಕಾಣುತ್ತಿತ್ತು. ಆಗ ಎಡಗಡೆ ಸದ್ದಾಯಿತು. ಬಸಣ್ಣ ನನ್ನ ಪಕ್ಕಕ್ಕೇ ಬಂದಿದ್ದ. ಕಾಲು ಚಾಚಿ ನನ್ನ ಬೈಕಿನ ಕೆಳಗೆ ತೋರಿಸುತ್ತ, ಗಂಟಲು ಹರಿಯುವ ಹಾಗೆ ಕೂಗಿದ: "ವೆಂಕಣ್ಣಾ, ಸ್ಟ್ಯಾಂಡ್!"

ಎಕ್ಸಿಲರೇಟರ್ ಬಿಟ್ಟೆ. ಬಗ್ಗಿ ನೋಡಿದೆ. ಹಿಮ್ಮಡಿಯಿಂದ ಎತ್ತಲು ಕಾಲೂ ಹಾಕಿದೆ. ಅಲ್ಲಿ ಸ್ಟ್ಯಾಂಡೇ ಇರಲಿಲ್ಲ. ಬೆಳಿಗ್ಗೆ ನಾನೇ ಕೈಯಾರೆ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಶಾಂತಾಳ ಚೀಲದಲ್ಲಿ ಇಟ್ಟಿದ್ದೆ.

ತಲೆ ಎತ್ತುವಷ್ಟರಲ್ಲಿ ಬಸಣ್ಣ ಗೆರೆ ದಾಟಿದ್ದ. ಅವನ ಹಿಂದೆ ನಾನೂ ದಾಟಿದೆ, ನಗುತ್ತಲೇ ದಾಟಿದೆ. ಒಂದು ತಿಂಗಳಿನಿಂದ ನನ್ನೊಡನೆ ಮಾತು ಬಿಟ್ಟಿದ್ದವನು ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು. ಶುದ್ಧ ಸುಳ್ಳು. ಕೇಳಿ ನನ್ನ ಜೀವಕ್ಕೆ ಎಷ್ಟು ಹಿತವಾಯಿತೆಂದು ಹೇಳಲಾರೆ.